ಹೊಲದ ಕತ್ತಿ, ಗೋಡೆಯ ಕತ್ತಿ

ಈ ಸಂಚಿಕೆಯ ಅಂಕಣಕ್ಕೆ ವಿಷಯವೇನೆಂದು ಸಂಪಾದಕರು ದೂರವಾಣಿಯಲ್ಲಿ ಕೇಳಿದಾಗ "ಕತ್ತಿ" ಎಂದೆ. ಆ ಕಡೆ ಒಂದು ಕ್ಷಣ ಮೌನ. ಸಂಘದ ಚುನಾವಣೆ ಹತ್ತಿರ ಬಂದಿರುವಾಗ ಇಂಥ ವಿಷಯ ಬೇಕೇ ಎಂದು ಅವರಿಗೆ ಅನ್ನಿಸಿದ್ದರೆ ಆಶ್ಚರ್ಯವಿಲ್ಲ. ಗಾಬರಿ ಬೇಡ, ಇದು ನಮ್ಮ ಕತ್ತಿಯಲ್ಲ, ಫಿಲಿಪ್ಪೀನ್ಸಿನ ಕತ್ತಿ ಎಂದು ಸಮಾಧಾನ ಹೇಳಿ ಬರೆಯಲು ಕುಳಿತಿದ್ದೇನೆ.

ಮುಂಬಯಿಯ ಕನ್ನಡಿಗರಿಗೆ ಫಿಲಿಪ್ಪೀನ್ಸ್ ತೀರ ಅಪರಿಚಿತ ದೇಶವೇನಲ್ಲ. ಹಡಗಿನ ನೌಕರಿಯಲ್ಲಿರುವ ನಮ್ಮ ಕರಾವಳಿಯ ಹುಡುಗರನ್ನು ಕೇಳಿ, ಫಿಲಿಪಿನೊ ಸಹೋದ್ಯೋಗಿಗಳೊಡನೆ ದುಡಿಯದವರು ಅಪರೂಪ. ಈಚಿನ ವರ್ಷಗಳಲ್ಲಿ ಡಾಕ್ಟರಿ ಓದಲು ದಾವಾವೊ ನಗರಕ್ಕೆ ಹೋದ ಮಕ್ಕಳೂ ಇದ್ದಾರೆ. ಆ ಕಡೆಯಿಂದ ಬಂದವರು ತರುವ ಉಡುಗೊರೆಗಳಲ್ಲಿ ಒಂದನ್ನು ನೀವು ಯಾರದಾದರೂ ಮನೆಯ ಗೋಡೆಯ ಮೇಲೆ ನೋಡಿರಬಹುದು. ಗುರಾಣಿಯ ಆಕಾರದ ಮರದ ಫಲಕ. ಅದರ ಮೇಲೆ 'ವೆಪನ್ಸ್ ಆಫ್ ಮೊರೊಲ್ಯಾಂಡ್' ಎಂಬ ಇಂಗ್ಲಿಷ್ ಬರಹ. ಸುತ್ತ ಬೆರಳುದ್ದದ ಪುಟ್ಟ ಪುಟ್ಟ ಕತ್ತಿಗಳು, ಕೆಳಗೆ ಒಂದೊಂದರ ಹೆಸರು. ನೋಡಲು ಚಂದವೇ. ಆದರೆ ಆ ಫಲಕ ನೋಡಿದವರು, ಫಿಲಿಪ್ಪೀನ್ಸಿನ ಜನ ಹಗಲು ರಾತ್ರಿ ಕಾದಾಡುತ್ತಿದ್ದವರು, ಕತ್ತಿ ಮಾಡಿದ್ದೇ ತಲೆ ಕಡಿಯಲು ಎಂದುಕೊಂಡುಬಿಡುತ್ತಾರೆ. ಆ ದೇಶದ ಕತ್ತಿಯ ಕಥೆ ಶುರುವಾಗುವುದು ರಣರಂಗದಿಂದಲ್ಲ, ತೆಂಗಿನ ತೋಟದಿಂದ.

ಏಳು ಸಾವಿರಕ್ಕೂ ಮಿಕ್ಕ ದ್ವೀಪಗಳ ಆ ನಾಡಿನ ಹಳ್ಳಿಗನ ಸೊಂಟದಲ್ಲಿ ತೂಗುವ ಕತ್ತಿಗೆ ಹೊರಗಿನವರು ಇಟ್ಟುಕೊಂಡಿರುವ ಹೆಸರು ಬೋಲೊ. ತಗಾಲೊಗ್ ಭಾಷೆಯವರು ಅದನ್ನು ಇತಾಕ್ ಎನ್ನುತ್ತಾರೆ. ನಡುವಿನ ವಿಸಾಯ ದ್ವೀಪಗಳಲ್ಲಿ ಸುಂದಂಗ್. ನಮ್ಮಲ್ಲಿ ಮಚ್ಚು ಎಂದು ಒಂದೇ ಹೆಸರು ಹೇಳಿದರೂ ಮಲೆನಾಡಿನ ಮಚ್ಚು ಬೇರೆ, ಬಯಲುಸೀಮೆಯದು ಬೇರೆಯಾಗಿರುವುದಿಲ್ಲವೇ, ಹಾಗೆಯೇ ಅಲ್ಲೂ ಪ್ರಾಂತಕ್ಕೊಂದು ರೂಪ. ಒಂದರ ಮೂತಿ ಮೊಂಡು, ಇನ್ನೊಂದರದು ಚೂಪು. ಒಂದರ ಹೊಟ್ಟೆ ಉಬ್ಬಿದ್ದರೆ ಇನ್ನೊಂದು ನೆಟ್ಟಗೆ. ಸಾಮಾನ್ಯವಾದ ಗುಣ ಒಂದಿದೆ. ಹಿಡಿಯ ಹತ್ತಿರ ಅಲಗು ಕಿರಿದು, ತುದಿಯ ಕಡೆ ಹೋದಂತೆ ಅಗಲ. ಅಂದರೆ ಭಾರವೆಲ್ಲ ಮುಂದಕ್ಕೆ. ಬೀಸಿದಾಗ ಕತ್ತಿಯ ತೂಕವೇ ಅರ್ಧ ಕೆಲಸ ಮಾಡುತ್ತದೆ, ತೋಳಿಗೆ ದಣಿವು ಕಡಿಮೆ. ಕೊಡಗಿನ ಒಡಿಕತ್ತಿಯನ್ನು ನೋಡಿದವರಿಗೆ ಈ ಮರ್ಮ ವಿವರಿಸಬೇಕಾಗಿಲ್ಲ.

ಈ ಒಂದು ಕತ್ತಿಯಿಂದ ಅವರು ಮಾಡದ ಕೆಲಸವಿಲ್ಲ. ಎಳನೀರು ಕೆತ್ತುವುದು, ಬಿದಿರು ಸೀಳುವುದು, ಕಬ್ಬು ಕಡಿಯುವುದು, ಬಾಳೆ ತರಿಯುವುದು, ಬೇಲಿ ಸವರುವುದು, ಸಂಜೆಗೆ ಅದೇ ಕತ್ತಿಯಿಂದ ಮೀನು ಹೆಚ್ಚುವುದು. ಮನೆ ಕಟ್ಟುವಾಗ ಬಡಗಿಯ ಬಾಚಿಯೂ ಅದೇ. ತೆಂಗಿನ ಮರವೇರಿ 'ತುಬಾ' ಎಂಬ ಕಳ್ಳು ಇಳಿಸುವವನಿಗೆ ಮಾತ್ರ ಬೇರೆ ಕತ್ತಿ ಉಂಟು. ಕುಡುಗೋಲಿನಂತೆ ಬಾಗಿದ ಅದನ್ನು ವಿಸಾಯದವರು ಸಂಗ್ಗೊತ್ ಎನ್ನುತ್ತಾರೆ. ನಮ್ಮ ಕರಾವಳಿಯ ಮೂರ್ತೆಯವರಿಗೆ ಅವರದೇ ಕತ್ತಿ ಇರುವಂತೆ. ಅಡುಗೆಮನೆಗೆ ಹೋದರಂತೂ ನಮ್ಮ ಹೆಂಗಸರು ಬೆರಗಾಗಬೇಕು. ಕಾಯಿ ತುರಿಯಲು ಅಲ್ಲಿಯೂ ಗಿಡ್ಡ ಮಣೆ, ಅದರ ತುದಿಗೆ ಹಲ್ಲಿನ ಕಬ್ಬಿಣದ ನಾಲಗೆ, ಮಣೆಯ ಮೇಲೆ ಕುಳಿತೇ ತುರಿಯುವುದು. ಹೆಸರು ಕುದ್ಕುರಾನ್. ನಮ್ಮ ಹೆರೆಮಣೆಯೇ ಸರಿ. ತೆಂಗು ಇದ್ದಲ್ಲಿ ಮನುಷ್ಯನ ಬುದ್ಧಿ ಒಂದೇ ದಾರಿ ಹಿಡಿಯುತ್ತದೆಯೋ ಏನೋ.

ವಿಸಾಯ ದ್ವೀಪಗಳ ಹಲವು ಕತ್ತಿಗಳಲ್ಲಿ ಇನ್ನೊಂದು ವಿಶೇಷವಿದೆ. ಸಾಣೆ ಹಿಡಿದಿರುವುದು ಒಂದೇ ಮಗ್ಗುಲಿಗೆ. ಇನ್ನೊಂದು ಮಗ್ಗುಲು ಚಪ್ಪಟೆ. ಬಡಗಿಯ ಉಳಿ ನೋಡಿ, ಹಾಗೆ. ಓರೆಯಾಗಿ ಬೀಸಿದಾಗ ಇಂಥ ಬಾಯಿ ಮರದೊಳಕ್ಕೆ ಕಚ್ಚಿಕೊಂಡು ಇಳಿಯುತ್ತದೆ. ಆದರೆ ಇದರಿಂದ ಒಂದು ತೊಡಕೂ ಉಂಟು: ಬಲಗೈಯವನ ಕತ್ತಿ ಎಡಗೈಯವನಿಗೆ ಒಗ್ಗುವುದಿಲ್ಲ. ಎಡಚನಾದವನು ಕಮ್ಮಾರನಿಗೆ ಮೊದಲೇ ಹೇಳಿ ತನಗೆ ಬೇಕಾದಂತೆ ಮಾಡಿಸಿಕೊಳ್ಳಬೇಕು. ಕಾರ್ಖಾನೆಯ ಮಾಲಿಗೂ ಕುಲುಮೆಯ ಮಾಲಿಗೂ ಇರುವ ಅಂತರ ಇದೊಂದರಲ್ಲೇ ತಿಳಿಯುತ್ತದೆ. ಅಂಗಡಿಯಲ್ಲಿ ಕತ್ತಿಗೆ ನಿಮ್ಮ ಕೈ ಹೊಂದಿಕೊಳ್ಳಬೇಕು, ಕುಲುಮೆಯಲ್ಲಿ ನಿಮ್ಮ ಕೈಗೆ ಕತ್ತಿ.

ಈಗ ಆ ಕಮ್ಮಾರನ ಕಡೆ ಬರೋಣ. ಅವನ ಹೆಸರು ಪಂದಾಯ್. ಕೇಳಿದ ಕೂಡಲೇ ನಮಗೆ 'ಪಂಡಿತ' ನೆನಪಾಗುವುದು ಸಹಜ. ಆ ದ್ವೀಪಗಳಿಗೆ ಸಂಸ್ಕೃತ ಹೋಗಲಿಲ್ಲವೆಂದೂ ಅಲ್ಲ. 1989ರಲ್ಲಿ ಲಗೂನ ಪ್ರಾಂತದ ನದಿಯ ಬಾಯಲ್ಲಿ ಸಿಕ್ಕಿದ ತಾಮ್ರಪಟವೊಂದರಲ್ಲಿ ಶಕವರ್ಷ 822 ಎಂದು ಕಾಲ ಬರೆದಿದೆ, ಅಂದರೆ ಕ್ರಿ.ಶ. 900. ಯುಗಾದಿಯಂದು ನಾವು ಪಂಚಾಂಗದಲ್ಲಿ ಓದುವ ಅದೇ ಶಾಲಿವಾಹನ ಶಕೆ! ಆದರೂ ಪಂದಾಯ್ ಎಂಬುದು ನಮ್ಮಿಂದ ಹೋದ ಮಾತಲ್ಲ. ಫಿಲಿಪ್ಪೀನ್ಸ್, ಮಲಯ, ಜಾವಾ ಭಾಷೆಗಳಿಗೆಲ್ಲ ಮೂಲವಾದ ಪ್ರಾಚೀನ ನುಡಿಯಲ್ಲೇ ಅದು ಇತ್ತೆಂದು ಭಾಷಾಶಾಸ್ತ್ರಜ್ಞರು ಹೇಳುತ್ತಾರೆ. ಅರ್ಥ 'ಕುಶಲಿ', 'ಕೈಬಲ್ಲವನು'. ಕಸುಬುದಾರರಲ್ಲಿ ಕಮ್ಮಾರನಿಗೇ ಆ ಹೆಸರು ನಿಂತದ್ದು ಅವನ ಸ್ಥಾನವನ್ನು ಹೇಳುತ್ತದೆ. ಎಲ್ಲದಕ್ಕೂ ಸಂಸ್ಕೃತದ ಬೇರು ಹುಡುಕುವ ನಮ್ಮ ಕೆಲವು ಮಿತ್ರರಿಗೆ ಇದರಿಂದ ನಿರಾಸೆಯಾದೀತು.

ಪಂದಾಯನ ಉಕ್ಕು ಎಲ್ಲಿಂದ ಬರುತ್ತದೆ? ಗುಜರಿಯಿಂದ. ಎರಡನೆಯ ಮಹಾಯುದ್ಧ ಮುಗಿದ ಮೇಲೆ ಅಮೆರಿಕದ ಸೈನ್ಯ ಬಿಟ್ಟುಹೋದ ಜೀಪುಗಳನ್ನು ಫಿಲಿಪಿನೊಗಳು ಉದ್ದ ಮಾಡಿ, ಬೆಂಚು ಹಾಕಿ, ಬಣ್ಣ ಬಳಿದು ಜೀಪ್ನಿ ಎಂಬ ಜನರ ವಾಹನ ಮಾಡಿಕೊಂಡದ್ದು ಪ್ರಸಿದ್ಧವಾದ ಸಂಗತಿ. ಆ ಜೀಪ್ನಿಗಳ, ಲಾರಿಗಳ ಚಕ್ರದ ಮೇಲೆ ಕುಳಿತಿರುವ ಕಮಾನುಪಟ್ಟಿಗಳು ಮುರಿದಾಗ ನೇರವಾಗಿ ಕುಲುಮೆಗೆ ಬರುತ್ತವೆ. ನಮ್ಮ ಊರ ಕಮ್ಮಾರರೂ ಲಾರಿಯ ಪಟ್ಟಿಯಿಂದ ಮಚ್ಚು ಮಾಡುತ್ತಾರಷ್ಟೆ. ಇದು ಬರೀ ಬಡತನದ ಉಪಾಯವೆಂದು ತಿಳಿಯಬಾರದು. ಕಮಾನುಪಟ್ಟಿಯ ಉಕ್ಕಿನಲ್ಲಿ ಶೇಕಡ 0.6ರಷ್ಟು ಇಂಗಾಲ, ಹಲವು ಬಗೆಗಳಲ್ಲಿ ಜೊತೆಗೆ ಸ್ವಲ್ಪ ಕ್ರೋಮಿಯಂ ಇರುತ್ತದೆ. ಬಾಗಬೇಕು, ಮುರಿಯಬಾರದು ಎಂಬ ಉದ್ದೇಶಕ್ಕಾಗಿಯೇ ಮಾಡಿದ ಉಕ್ಕು ಅದು. ಕಡಿಯುವ ಕತ್ತಿಗೂ ಬೇಕಾದದ್ದು ಅದೇ ಗುಣ. ಹೊಸ ಉಕ್ಕು ಕೊಂಡರೂ ಇದಕ್ಕಿಂತ ಒಳ್ಳೆಯದು ಸಿಗುವುದು ಕಷ್ಟ. ಒಂದೇ ಎಚ್ಚರಿಕೆ: ವರ್ಷಗಟ್ಟಲೆ ಕುಲುಕಿ ಬಂದ ಪಟ್ಟಿಯಲ್ಲಿ ಕಣ್ಣಿಗೆ ಕಾಣದ ಬಿರುಕು ಇರಬಹುದು. ಅದನ್ನು ಗುರುತಿಸಿ ಆ ಭಾಗ ಬಿಟ್ಟು ಕತ್ತರಿಸಿಕೊಳ್ಳುವುದು ಅನುಭವಿಯ ಕೆಲಸ.

ಇದ್ದಿಲು ಕಾಯಿಚಿಪ್ಪಿನದು ಅಥವಾ ಮರದ್ದು. ಹಳೆಯ ಕಾಲದ ತಿದಿ ನಮ್ಮ ಚರ್ಮದ ತಿದಿಯಂತಲ್ಲ. ಎರಡು ಕೊಳವೆಗಳನ್ನು ನೆಟ್ಟಗೆ ನಿಲ್ಲಿಸಿ, ಒಳಗೆ ಹಕ್ಕಿಯ ಗರಿ ಸುತ್ತಿದ ಕೊಂತಗಳನ್ನು ಒಂದಾದ ಮೇಲೊಂದು ಮೇಲೆ ಕೆಳಗೆ ಆಡಿಸುವುದು. ಒಂದು ಮೇಲೇಳುವಾಗ ಇನ್ನೊಂದು ಕೆಳಗಿಳಿಯುವುದರಿಂದ ಗಾಳಿ ಎಲ್ಲಿಯೂ ಕಡಿಯುವುದಿಲ್ಲ. ಆಗ್ನೇಯ ಏಷ್ಯದ ತುಂಬ ಹರಡಿದ್ದ ಈ ತಿದಿಯನ್ನು ಉತ್ತರ ಲುಜಾನಿನ ಬೆಟ್ಟಗಳಲ್ಲಿ ಕಂಡು ಬರೆದಿಟ್ಟವನು ಆಲ್ಬರ್ಟ್ ಜೆಂಕ್ಸ್ ಎಂಬ ಅಮೆರಿಕನ್ ವಿದ್ವಾಂಸ. ಬೊಂತೊಕ್ ಇಗೊರೊತ್ ಜನರನ್ನು ಕುರಿತ ಅವನ ಗ್ರಂಥ 1905ರಲ್ಲಿ ಪ್ರಕಟವಾಯಿತು. ಬಲಿವಾಂಗ್ ಎಂಬ ಹಳ್ಳಿಯ ಕಮ್ಮಾರರು ಆ ಸುತ್ತಲಿನ ಊರುಗಳಿಗೆಲ್ಲ ಈಟಿ, ಕೊಡಲಿ ಮಾಡಿಕೊಡುತ್ತಿದ್ದುದನ್ನು ಅವನು ವಿವರವಾಗಿ ವರ್ಣಿಸಿದ್ದಾನೆ. ಆ ಕೊಡಲಿಯೇ ತಲೆ ಕಡಿಯುವ ಕೊಡಲಿಯೆಂದು ಲೋಕವಿಖ್ಯಾತವಾದದ್ದು. ತಲೆ ಬೇಟೆ ಹಿಂದೆ ನಡೆಯುತ್ತಿದ್ದುದು ನಿಜ. ಅದೇ ಕೊಡಲಿಯಿಂದ ಸೌದೆ ಒಡೆದು ಮಾಂಸ ತುಂಡರಿಸುತ್ತಿದ್ದುದೂ ಅಷ್ಟೇ ನಿಜ. ಎರಡನೆಯದನ್ನು ವಸ್ತುಸಂಗ್ರಹಾಲಯದ ಚೀಟಿಗಳಲ್ಲಿ ಬರೆಯುವುದು ಕಡಿಮೆ.

ಕಾಯಿಸಿ ಬಡಿದು ಆಕಾರಕ್ಕೆ ತರುವುದು ಶ್ರಮದ ಕೆಲಸವೇ, ಆದರೆ ಪಂದಾಯನ ವಿದ್ಯೆ ಪರೀಕ್ಷೆಗೆ ನಿಲ್ಲುವುದು ಹದ ಕೊಡುವ ಗಳಿಗೆಯಲ್ಲಿ. ಕತ್ತಿಯನ್ನು ಕೆಂಪಗೆ ಕಾಯಿಸಿ ಪೂರ್ತಿ ನೀರಿಗೆ ಅದ್ದಿದರೆ ಇಡೀ ಅಲಗು ಗಾಜಿನಂತೆ ಪೆಡಸಾಗುತ್ತದೆ. ಬಿದಿರಿನ ಗಿಣ್ಣಿಗೆ ಒಂದೇಟು ಬಿದ್ದರೆ ಚೂರು ಹಾರಿತು. ಅದ್ದದೇ ಬಿಟ್ಟರೆ ಮೆತ್ತಗೆ, ಬಾಯಿ ಮಡಿಚಿಕೊಂಡೀತು. ಆದ್ದರಿಂದ ಬಲ್ಲವನು ಬಾಯಿಯ ಅಂಚನ್ನಷ್ಟೇ ಅದ್ದುತ್ತಾನೆ, ಬೆನ್ನನ್ನು ಹೊರಗುಳಿಸುತ್ತಾನೆ. ಬಾಯಿ ಗಡಸು, ಬೆನ್ನು ಮೆದು. ಬೆನ್ನಿನಲ್ಲಿ ಉಳಿದ ಬಿಸಿ ನಿಧಾನವಾಗಿ ಬಾಯಿಯ ಕಡೆ ಹರಿದು ಬರುತ್ತದೆ. ಉಜ್ಜಿ ಬೆಳಗಿಸಿದ ಉಕ್ಕಿನ ಮೇಲೆ ಆಗ ಬಣ್ಣ ಓಡುವುದನ್ನು ನೋಡಬೇಕು. ಮೊದಲು ಒಣಹುಲ್ಲಿನ ಹಳದಿ, ಆಮೇಲೆ ಕಂದು, ಆಮೇಲೆ ನೇರಳೆ, ಕೊನೆಗೆ ನೀಲಿ. ಯಾವ ಬಣ್ಣಕ್ಕೆ ತಡೆಯಬೇಕೆಂಬುದೇ ಗುಟ್ಟು. ಕೆಲವೇ ಕ್ಷಣ ತಪ್ಪಿದರೆ ದಿನದ ದುಡಿಮೆ ಹಾಳು. ಬಿಸಿಲಿನಲ್ಲಿ ಉಕ್ಕಿನ ಕೆಂಪು ಸರಿಯಾಗಿ ತಿಳಿಯುವುದಿಲ್ಲ. ಕುಲುಮೆ ಯಾವ ದೇಶದಲ್ಲೇ ಇರಲಿ ಕತ್ತಲೆಯಾಗಿರುವುದು ಇದಕ್ಕೇ, ಬಡತನಕ್ಕಲ್ಲ.

ಹಿಡಿ ಕೂರಿಸುವುದು ಬೇರೆಯೇ ಕಲೆ. ಅಲಗಿನ ಬಾಲವನ್ನು ಮರದ ಅಥವಾ ಎಮ್ಮೆಕೊಂಬಿನ ಹಿಡಿಯ ತೂತಿಗೆ ಇಳಿಸಿ, ಕಾಯಿಸಿದ ಮರದ ರಾಳ ಹೊಯ್ದು ಗಟ್ಟಿ ಮಾಡುವುದು ಹಳೆಯ ಪದ್ಧತಿ. ಹಿಡಿಯ ಕುತ್ತಿಗೆ ಸೀಳದಂತೆ ಹಿತ್ತಾಳೆಯದೋ ಕಬ್ಬಿಣದ್ದೋ ಬಳೆ, ಇಲ್ಲವೇ ಬೆತ್ತದ ಹೆಣಿಗೆ. ಹಿಡಿಯ ತುದಿ ಕೆಳಕ್ಕೆ ಬಾಗಿ ಕೊಂಚ ದಪ್ಪವಾಗಿರುತ್ತದೆ. ಬೆವರಿದ ಅಂಗೈಯಿಂದ ಕತ್ತಿ ಜಾರಿ ಹಾರಿಹೋಗಬಾರದಲ್ಲ. ನಾರ್ರ, ಮೊಲಾವೆ, ಕಮಾಗೊಂಗ್ ಎಂಬ ಗಟ್ಟಿ ಮರಗಳು ಹಿಡಿಗೆ ಹೇಳಿ ಮಾಡಿಸಿದವು. ಕಮಾಗೊಂಗ್ ನಮ್ಮ ಕರಿಮರದ ಬಂಧು.

ಇಷ್ಟು ಹೇಳಿದ ಮೇಲೆ ಆ ಫಲಕದ ಮೇಲಿನ ಕತ್ತಿಗಳ ವಿಚಾರವನ್ನೂ ಹೇಳದಿದ್ದರೆ ಅನ್ಯಾಯವಾದೀತು, ಏಕೆಂದರೆ ಕುಶಲತೆಯ ತುದಿ ಮುಟ್ಟಿದವರು ದಕ್ಷಿಣದವರೇ. ಮಿಂಡನಾವೊ ಮತ್ತು ಸುಲು ದ್ವೀಪಗಳ ಮುಸ್ಲಿಮರನ್ನು ಸ್ಪೇನಿನವರು, ತಮ್ಮ ದೇಶದಲ್ಲಿ ಹಿಂದೆ ಕಾದಾಡಿದ 'ಮೂರ'ರ ನೆನಪಿನಲ್ಲಿ, ಮೊರೊಗಳೆಂದು ಕರೆದರು. ಮೊರೊಗಳ ಮೂರು ಕತ್ತಿಗಳು ಮುಖ್ಯ.

ಒಂದು ಕ್ರಿಸ್. ಹಾವು ಹರಿದಂತೆ ಅಲೆಯಲೆಯಾದ, ಎರಡೂ ಕಡೆ ಬಾಯುಳ್ಳ ಅಲಗು. ಜಾವಾದ ಕ್ರಿಸ್ ತಿವಿಯಲು ಮಾಡಿದ ತೆಳುವಾದ ಕಠಾರಿ. ಮೊರೊಗಳು ಅದನ್ನು ದೊಡ್ಡದು ಮಾಡಿ ಕಡಿಯುವ ಖಡ್ಗವಾಗಿಸಿಕೊಂಡರು. ಹಲವು ಅಲಗುಗಳಲ್ಲಿ ಅಲೆ ಅರ್ಧದವರೆಗೆ ಮಾತ್ರ, ತುದಿ ನೇರ. ಪೂರ್ತಿ ನೇರವಾದವೂ ಇವೆ. ಆದರೆ ಕಡಿಯಲು ಹೊರಟಾಗ ಒಂದು ಸಮಸ್ಯೆ ಬಂತು. ತಿವಿಯುವ ಕತ್ತಿಯ ಚಿಕ್ಕ ಬಾಲ ಈ ದೊಡ್ಡ ಅಲಗಿನ ಏಟನ್ನು ತಾಳದು, ಹಿಡಿ ಸಡಿಲವಾಗುತ್ತದೆ. ಅದಕ್ಕೆ ಅವರು ಕಂಡ ಉಪಾಯ, ಅಲಗಿನ ಬುಡವನ್ನು ಹಿಡಿಗೆ ಬಿಗಿಯುವ ಲೋಹದ ಪಟ್ಟಿ. ತಾಮ್ರ, ಹಿತ್ತಾಳೆ, ಸಿರಿವಂತರದಾದರೆ ಬೆಳ್ಳಿ. ಅದರ ಹೆಸರು ಅಸಂಗ್-ಅಸಂಗ್. ಅಲಂಕಾರವೆಂದು ನಾವು ನೋಡುವುದು ನಿಜಕ್ಕೂ ಒಂದು ರಿಪೇರಿ! ಅಲಗಿನ ಬುಡದಲ್ಲಿ ಹಳೆಯ ಕ್ರಿಸ್‌ಗಳಿಗೆ ಪ್ರತ್ಯೇಕವಾದ ಒಂದು ಲೋಹದ ತುಂಡು ಜೋಡಿಸಿರುತ್ತಾರೆ. ಈಚಿನವುಗಳಲ್ಲಿ ಆ ತುಂಡಿಲ್ಲ, ಇದ್ದಂತೆ ಕಾಣಲು ಒಂದು ಗೆರೆ ಕೊರೆದಿರುತ್ತಾರೆ. ಸಂಗ್ರಹಕಾರರು ಭೂತಗನ್ನಡಿ ಹಿಡಿದು ಮೊದಲು ನೋಡುವುದು ಆ ಗೆರೆಯನ್ನೇ.

ಎರಡನೆಯದು ಬರೋಂಗ್, ಸುಲುವಿನ ತೌಸುಗ್ ಜನರದು. ಎಲೆಯಾಕಾರದ, ಒಂದೇ ಬಾಯಿಯ, ದಪ್ಪ ಬೆನ್ನಿನ ಕತ್ತಿ. ಹಿಡಿಯ ತುದಿಯಲ್ಲಿ ಕಾಕಟೂ ಗಿಣಿಯ ಕೊಕ್ಕು ಜುಟ್ಟುಗಳ ಕೆತ್ತನೆ. ನನ್ನ ಕಣ್ಣಿಗೆ ಫಿಲಿಪ್ಪೀನ್ಸಿನ ಕತ್ತಿಗಳಲ್ಲೆಲ್ಲ ಇದೇ ಸುಂದರಿ. ಅಲೆಯಿಲ್ಲ, ಆಡಂಬರವಿಲ್ಲ, ಒಂದು ಎಲೆ ಅಷ್ಟೆ. ಅಲ್ಲಿಗೆ ಹೋಗುವವರು ಮಾತ್ರ ಅಂಗಡಿಯಲ್ಲಿ ಬರೋಂಗ್ ಕೊಡಿ ಎಂದು ಕೇಳಿದರೆ ಅನಾನಸಿನ ನಾರಿನಿಂದ ನೇಯ್ದ ಪಾರದರ್ಶಕ ಅಂಗಿ ತಂದಿಡುತ್ತಾರೆ. ಮದುವೆ ಸಮಾರಂಭಗಳಲ್ಲಿ ಅವರ ಗಂಡಸರು ತೊಡುವ 'ಬರೋಂಗ್ ತಗಾಲೊಗ್' ಅದು. ಅಂಗಿಗೂ ಕತ್ತಿಗೂ ಸಂಬಂಧವಿಲ್ಲ.

ಮೂರನೆಯದು ಕಂಪಿಲಾನ್. ಮಾರಾನಾವ್, ಮಗಿಂದನಾವ್ ಜನರ ಉದ್ದನೆಯ ಖಡ್ಗ. ಹಿಡಿ ಬಾಯ್ದೆರೆದ ಮೊಸಳೆಯಂತೆ ಇಬ್ಭಾಗವಾಗಿರುತ್ತದೆ; ಕೆಲವರು ಅದನ್ನು ನಾಗನೆಂದೂ ಹೇಳುತ್ತಾರೆ. ಈ 'ನಾಗ' ಮಾತ್ರ ನಮ್ಮ ನಾಗನೇ, ಹೆಸರು ಸಂಸ್ಕೃತದಿಂದಲೇ ಹೋದದ್ದು. ಮಾರಾನಾವ್ ಜನರ ಬಳ್ಳಿ ಸುರುಳಿಯ ಚಿತ್ತಾರಕ್ಕೆ ಒಕಿರ್ ಎಂದು ಹೆಸರು. ಮನೆಯ ತೊಲೆಯ ಮೇಲೂ ಕತ್ತಿಯ ಹಿಡಿಯ ಮೇಲೂ ಅದೇ ಬಳ್ಳಿ. ಇನ್ನು ದಕ್ಷಿಣ ಕೊತಬಾತೊದ ಸೆಬು ಸರೋವರದ ಬಳಿಯ ತ್'ಬೊಲಿ ಜನ ಮೇಣದ ಅಚ್ಚಿನಿಂದ ಹಿತ್ತಾಳೆ ಎರಕ ಹೊಯ್ದು ಕತ್ತಿಯ ಹಿಡಿಗೆ ಪುಟ್ಟ ಗೆಜ್ಜೆಗಳನ್ನು ಕಟ್ಟುತ್ತಾರೆ. ನಡೆದರೆ ಘಲ್ ಘಲ್. ಸದ್ದಿಲ್ಲದೆ ಬೆನ್ನಿಗೆ ಇರಿಯಲು ಗೆಜ್ಜೆ ಕಟ್ಟಿಕೊಂಡು ಯಾರೂ ಹೋಗುವುದಿಲ್ಲ ಎಂಬುದನ್ನು ವಾಚಕರು ಗಮನಿಸಬೇಕು.

ಹೊಲದ ಕತ್ತಿ ಹೊಲ ಬಿಟ್ಟು ಹೊರಟ ಸಂದರ್ಭಗಳು ಅವರ ಚರಿತ್ರೆಯಲ್ಲಿವೆ. 1521ರ ಏಪ್ರಿಲ್ 27ರಂದು ಮಕ್ತಾನ್ ದ್ವೀಪದ ತೀರದಲ್ಲಿ ಲಾಪು-ಲಾಪುವಿನ ಜನ ಮೆಗೆಲನ್ನನನ್ನು ಕೊಂದರು. ಅವನ ಜೊತೆಗಿದ್ದ ಇಟಲಿಯ ಪಿಗಾಫೆಟ್ಟ ಬರೆದಿರುವಂತೆ, ಎಡಗಾಲಿಗೆ ಬಿದ್ದ ದೊಡ್ಡದೊಂದು ಬಾಗುಕತ್ತಿಯ ಏಟು ಅವನನ್ನು ಕೆಡವಿತು. ಅದು ಕಂಪಿಲಾನ್ ಎಂದು ಈಗಿನ ಚಿತ್ರಗಾರರು ಖಚಿತವಾಗಿ ಬರೆಯುತ್ತಾರೆ. ಏಟು ಬಿದ್ದ ಆ ವಾಕ್ಯದಲ್ಲಿ ಪಿಗಾಫೆಟ್ಟ ಕತ್ತಿಯ ಹೆಸರು ಹೇಳಿಲ್ಲ. 1896ರಲ್ಲಿ ಸ್ಪೇನಿನ ವಿರುದ್ಧ ಎದ್ದ ಕತಿಪುನಾನ್ ಕ್ರಾಂತಿಕಾರರಿಗೆ ಬಂದೂಕು ಬೆರಳೆಣಿಕೆಯಷ್ಟು, ಬೋಲೊ ಮನೆಗೊಂದು. ಮನಿಲದ ಪಕ್ಕದ ಕಲೊಒಕಾನಿನಲ್ಲಿ ಶಿಲ್ಪಿ ತೊಲೆಂತಿನೊ ಮಾಡಿ 1933ರಲ್ಲಿ ಅನಾವರಣಗೊಂಡ ಸ್ಮಾರಕದಲ್ಲಿ ನಾಯಕ ಬೊನಿಫಾಸಿಯೊನ ಒಂದು ಕೈಯಲ್ಲಿ ಪಿಸ್ತೂಲು, ಇನ್ನೊಂದರಲ್ಲಿ ಬೋಲೊ.

ಎಲ್ಲಕ್ಕಿಂತ ಮನಸ್ಸು ಕಲಕುವುದು ಸಮಾರ್ ದ್ವೀಪದ ಬಲಂಗಿಗ ಎಂಬ ಊರಿನ ಪ್ರಸಂಗ. ಸ್ಪೇನ್ ಹೋಗಿ ಅಮೆರಿಕ ಬಂದಿತ್ತು. ಅಲ್ಲಿ ಠಾಣ್ಯ ಹೂಡಿದ ಸೈನಿಕರು ಊರಿನವರ ಕತ್ತಿಗಳನ್ನು ಕಸಿದುಕೊಂಡರು, ಧಾನ್ಯ ನಾಶ ಮಾಡಿದರು, ಗಂಡಸರನ್ನು ಹಿಡಿದು ಪೊದೆ ಸವರುವ ಬಿಟ್ಟಿ ಕೆಲಸಕ್ಕೆ ಹಚ್ಚಿದರು. ಕತ್ತಿ ಕಸಿಯುವುದೆಂದರೆ ಆ ರೈತನಿಗೆ ಕೈ ಕಸಿದಂತೆ. 1901ರ ಸೆಪ್ಟೆಂಬರ್ 28ರ ಬೆಳಗ್ಗೆ, ಸೈನಿಕರು ತಿಂಡಿಗೆ ಕುಳಿತಿದ್ದಾಗ, ಊರಿನವರು ಬೋಲೊ ಹಿಡಿದು ಮೇಲೆ ಬಿದ್ದರು. 74 ಸೈನಿಕರಲ್ಲಿ 48 ಮಂದಿ ಸತ್ತರು. ಅದಕ್ಕೆ ಪ್ರತಿಯಾಗಿ ಜನರಲ್ ಜೇಕಬ್ ಸ್ಮಿತ್, ಹತ್ತು ವರ್ಷ ದಾಟಿದ ಯಾರನ್ನೂ ಉಳಿಸಬೇಡಿ ಎಂದು ಆಜ್ಞೆ ಮಾಡಿದ. ಸಮಾರ್ ಹೊತ್ತಿ ಉರಿಯಿತು. ಊರಿನ ಇಗರ್ಜಿಯ ಮೂರು ಗಂಟೆಗಳನ್ನು ಸೈನಿಕರು ಹೊತ್ತೊಯ್ದರು. ಅವು ಮರಳಿ ಬಲಂಗಿಗಕ್ಕೆ ಬಂದದ್ದು 2018ರ ಡಿಸೆಂಬರಿನಲ್ಲಿ, 117 ವರ್ಷಗಳ ನಂತರ.

ಕತ್ತಿಗಳೂ ರಾಶಿರಾಶಿಯಾಗಿ ಅಮೆರಿಕಕ್ಕೆ ಹೋದವು. ಅಲ್ಲಿನ ರಾಷ್ಟ್ರೀಯ ವಸ್ತುಸಂಗ್ರಹಾಲಯ ಅವುಗಳ ಬಗ್ಗೆ 1926ರಲ್ಲಿ ಒಂದು ಪುಸ್ತಕವನ್ನೇ ತಂದಿತು. ಅದರ ಶೀರ್ಷಿಕೆಯಲ್ಲಿ ಆ ಆಯುಧಗಳಿಗೆ ಕೊಟ್ಟ ವಿಶೇಷಣ 'ಪ್ರಿಮಿಟಿವ್', ಅಂದರೆ ಆದಿಮ. ಬಣ್ಣ ನೋಡಿ ಉಕ್ಕಿನ ಹದ ಹಿಡಿಯುವವರು ಆದಿಮರು! ಆದರೆ ಬೋಲೊ ಎಂಬ ಮಾತು ಮಾತ್ರ ಅಮೆರಿಕನ್ನರ ನಾಲಗೆಗೆ ಅಂಟಿಕೊಂಡಿತು. ಸೈನಿಕರಿಗೆ ಪೊದೆ ಸವರಲು ಬೋಲೊ ಎಂಬ ಹೆಸರಿನ ಕತ್ತಿಯನ್ನೇ ಹಂಚಿದರು. 1939ರಲ್ಲಿ ಮಿಡ್ಲ್‌ವೇಟ್ ಮುಷ್ಟಿಯುದ್ಧದ ಪಟ್ಟ ಗೆದ್ದ ಸೆಫೆರಿನೊ ಗಾರ್ಸಿಯ ಎಂಬ ಫಿಲಿಪಿನೊ, ಕೆಳಗಿನಿಂದ ಸುತ್ತಿ ಬರುವ ಒಂದು ಏಟಿಗೆ ಹೆಸರಾಗಿದ್ದ. ಕಬ್ಬಿನ ಗದ್ದೆಯಲ್ಲಿ ಬೋಲೊ ಬೀಸಿ ಕಲಿತದ್ದು ಎನ್ನುತ್ತಿದ್ದನಂತೆ. ಮುಷ್ಟಿಯುದ್ಧದ ಭಾಷೆಯಲ್ಲಿ ಅದು ಇಂದಿಗೂ 'ಬೋಲೊ ಪಂಚ್'.

ಹಾಗಾದರೆ ಬೋಲೊ ಸಾಧನವೋ ಆಯುಧವೋ? ಇದಕ್ಕೆ ಆ ದೇಶದ ಕಾನೂನು ಕೊಟ್ಟಿರುವ ಉತ್ತರ ನನಗೆ ಬಹಳ ಹಿಡಿಸಿತು. 1978ರಲ್ಲಿ ಬಂದ ಬತಸ್ ಪಂಬನ್ಸ 6 ಎಂಬ ಶಾಸನದ ಪ್ರಕಾರ ಮನೆಯಿಂದ ಹೊರಗೆ ಕತ್ತಿ, ಚಾಕು, ಬೋಲೊ ಒಯ್ಯುವುದು ಅಪರಾಧ. ಆದರೆ ಹೊಟ್ಟೆಪಾಡಿನ ಕೆಲಸಕ್ಕೆ ಅದು ಬೇಕಾಗಿದ್ದು, ಆ ಕೆಲಸದಲ್ಲಿ ಬಳಸುತ್ತಿರುವಾಗ ಅಪರಾಧವಲ್ಲ. ಕತ್ತಿ ಅದೇ, ಕೈ ಅದೇ. ಕೆಲಸವಿದ್ದರೆ ಸಾಧನ, ಇಲ್ಲದಿದ್ದರೆ ಆಯುಧ. ನಮ್ಮ ಶಸ್ತ್ರಾಸ್ತ್ರ ನಿಯಮಗಳೂ ಹೆಚ್ಚುಕಡಿಮೆ ಇದೇ ಧಾಟಿಯಲ್ಲಿವೆ. ಒಂಬತ್ತು ಅಂಗುಲಕ್ಕಿಂತ ಉದ್ದ ಅಥವಾ ಎರಡು ಅಂಗುಲಕ್ಕಿಂತ ಅಗಲವಾದ ಅಲಗನ್ನು ಶಸ್ತ್ರಗಳ ಪಟ್ಟಿಗೆ ಸೇರಿಸುವಾಗ, ಮನೆಬಳಕೆ ಮತ್ತು ಕೃಷಿಗೆಂದು ಮಾಡಿದ ಕತ್ತಿಗಳನ್ನು ಅದರಿಂದ ಬಿಟ್ಟಿದ್ದಾರೆ.

ಈ ಸಾಧನ-ಆಯುಧದ ಗೊಂದಲದಲ್ಲಿ ಸಿಕ್ಕಿ ನಲುಗಿದ್ದು ಬಲಿಸೋಂಗ್. ಚಿಟ್ಟೆಚಾಕು ಎಂದು ಲೋಕಕ್ಕೆ ಗೊತ್ತು. ಮನಿಲದ ದಕ್ಷಿಣಕ್ಕೆ ಬತಾಂಗಾಸ್ ಪ್ರಾಂತ; ಕಹಿಯಾದ ಬರಾಕೊ ಕಾಫಿಗೂ ಪ್ರಸಿದ್ಧ. ಅಲ್ಲಿನ ತಾಲ್ ಪಟ್ಟಣಕ್ಕೆ ಸೇರಿದ ಒಂದು ಹಳ್ಳಿಯ ಹೆಸರೇ ಬಲಿಸೋಂಗ್. ಮುರಿದ ಕೊಂಬು ಎಂಬ ಅರ್ಥದ ಮಾತಿನಿಂದ ಬಂದ ಹೆಸರೆನ್ನುತ್ತಾರೆ, ಹಿಡಿಗೆ ಕೊಂಬು ಬಳಸುವುದರಿಂದ. ಅಲಗಿನ ಬುಡದಲ್ಲಿ ಎರಡು ಮೊಳೆ, ಅವುಗಳ ಮೇಲೆ ತಿರುಗುವ ಎರಡು ಹಿಡಿ; ಮುಚ್ಚಿದಾಗ ಹಿಡಿಗಳೇ ಒರೆ. ಒಂದು ಕೈಯಲ್ಲಿ ಹಗ್ಗವೋ ಗೊನೆಯೋ ಇದ್ದಾಗ ಇನ್ನೊಂದೇ ಕೈಯಿಂದ ತೆರೆಯಬಹುದು. ಎರಡೂ ಹಿಡಿಗಳು ಒಂದಿಷ್ಟೂ ಅಲುಗಾಡದೆ ಕೂಡುವಂತೆ ಮೊಳೆ ಬಡಿಯುವುದೇ ಇದರಲ್ಲಿ ಕಷ್ಟದ ಕೆಲಸ. ಸಿನೆಮಾದವರ ಕೈಗೆ ಸಿಕ್ಕಿದ ಮೇಲೆ ಅದು ಪುಂಡರ ಚಾಕುವಾಯಿತು. ಬ್ರಿಟನ್ 1988ರಲ್ಲಿ ಅದನ್ನು ನಿಷೇಧಿತ ಆಯುಧಗಳ ಪಟ್ಟಿಗೆ ಸೇರಿಸಿತು. ಬೇರೆ ಹಲವು ದೇಶಗಳಲ್ಲೂ ನಿರ್ಬಂಧವಿದೆ.

ಪಂದಾಯನ ಇಂದಿನ ಪಾಡು ನಮ್ಮೂರ ಕಮ್ಮಾರನ ಪಾಡಿಗಿಂತ ತೀರ ಬೇರೆಯೇನಲ್ಲ. ತಗಡಿನಿಂದ ಕತ್ತರಿಸಿ ತೆಗೆದ ಕಾರ್ಖಾನೆಯ ಕತ್ತಿ ಅಗ್ಗ. ಹುಲ್ಲು ಸವರಲು ಪೆಟ್ರೋಲಿನ ಯಂತ್ರ ಬಂದಿದೆ. ಮಗ ದುಬೈಗೋ ಹಡಗಿಗೋ ಹೋಗುತ್ತಾನೆ, ತಿದಿಯ ಬಳಿ ಕೂರುವುದಿಲ್ಲ. ಅವನನ್ನು ದೂರುವ ಹಕ್ಕು ಊರು ಬಿಟ್ಟು ಮುಂಬಯಿಗೆ ಬಂದ ನಮಗಂತೂ ಇಲ್ಲ. ಇನ್ನೊಂದು ಕಡೆಯಿಂದ ಹೊಸ ಗಿರಾಕಿಗಳು ಬಂದಿದ್ದಾರೆ. 2009ರಲ್ಲಿ ಕಾನೂನು ಮಾಡಿ ಆರ್ನಿಸ್ ಎಂಬ ಬೆತ್ತ-ಕತ್ತಿ ವರಸೆಯನ್ನು ರಾಷ್ಟ್ರೀಯ ಕ್ರೀಡೆಯೆಂದು ಘೋಷಿಸಿದರು. ಆ ವರಸೆ ಕಲಿತ ಅಮೆರಿಕ, ಯೂರೋಪಿನ ಜನ ಅಂತರಜಾಲದಲ್ಲಿ ಕತ್ತಿಗಳನ್ನು ತರಿಸಿಕೊಳ್ಳುತ್ತಾರೆ, ಒಳ್ಳೆಯ ಬೆಲೆಯನ್ನೂ ಕೊಡುತ್ತಾರೆ. ಸಂತೋಷವೇ. ಆದರೆ ಅವರು ಕೇಳುವುದು ಹೊಳಪು, ಕೆತ್ತನೆ, ಭಯಂಕರವಾದ ಆಕಾರ. ಬಿದಿರಿನ ಗಿಣ್ಣಿಗೆ ಬಾಯಿ ಮುಕ್ಕಾಯಿತೆಂದು ಎಂಟು ದಿನಕ್ಕೆ ವಾಪಸು ತಂದು ಎಲ್ಲರೆದುರು ಬಯ್ಯುವವನು ರೈತನೊಬ್ಬನೇ. ಆ ಬಯ್ಗುಳದಿಂದಲೇ ಪಂದಾಯನ ಹದ ನಿಂತಿದೆ. ಗೋಡೆಗೆ ತೂಗುವ ಕತ್ತಿಯ ಹದ ಕೆಟ್ಟಿದೆಯೆಂದು ಯಾರಿಗೆ ತಿಳಿಯಬೇಕು? ಹೊಲದ ಗಿರಾಕಿ ಹೋದ ಮೇಲೆ ಅಂದ ಉಳಿದೀತು, ಹದ ಉಳಿಯುವುದೋ ಇಲ್ಲವೋ ಎಂಬುದೇ ಆ ಕಸುಬಿನ ಎದುರಿಗಿರುವ ಪ್ರಶ್ನೆ.

ಆ ಕಡೆ ಹೋಗುವ ಮಕ್ಕಳಿರುವ ಮನೆಯವರಿಗೆ ಎರಡು ಮಾತು. ಬಲಿಸೋಂಗ್ ತರುವ ಉತ್ಸಾಹ ಬೇಡ, ಯಾವ ವಿಮಾನ ನಿಲ್ದಾಣದಲ್ಲಿ ಯಾರು ಏನು ಕೇಳುತ್ತಾರೋ ಹೇಳಲಾಗದು. ಫಲಕಕ್ಕೆ ಕೊಡುವ ಹಣದಲ್ಲಿ ಊರ ಸಂತೆಯಿಂದ ಅಡುಗೆಮನೆಯ ಸಣ್ಣ ಬೋಲೊ ಒಂದನ್ನು ಕೊಂಡರೆ ಹತ್ತು ವರ್ಷ ಕಾಯಿ ಒಡೆಯಬಹುದು. ಅಂಥದನ್ನೂ ಕೈಚೀಲದಲ್ಲಿ ಬಿಡುವುದಿಲ್ಲ. ವಿಮಾನದ ಹೊಟ್ಟೆಗೆ ಹೋಗುವ ಪೆಟ್ಟಿಗೆಯಲ್ಲಿ, ಬಾಯಿಗೆ ರಟ್ಟು ಸುತ್ತಿ, ಕಂಪನಿಯ ನಿಯಮ ಕೇಳಿಕೊಂಡು ಇಡಬೇಕು. ಕೊಳ್ಳುವಾಗ ಮರಿಯೆಮ್ಮೆಯ ಚಿತ್ರ ಕೊರೆದದ್ದನ್ನು ಬಿಟ್ಟು, ಬೆನ್ನು ದಪ್ಪವಾಗಿ ಬಾಯಿಯ ಕಡೆ ಸಮನಾಗಿ ತೆಳುವಾಗುತ್ತ ಬಂದದ್ದನ್ನು, ಹಿಡಿ ಅಲುಗಾಡದ್ದನ್ನು ಆರಿಸಿ. ಸ್ಟೇನ್‌ಲೆಸ್ ಅಲ್ಲದ್ದರಿಂದ ಮುಂಬಯಿಯ ಮಳೆಗಾಲದಲ್ಲಿ ಬೇಗ ತುಕ್ಕು ಹಿಡಿಯುತ್ತದೆ. ಹುಣಿಸೆ, ನಿಂಬೆ ಮುಟ್ಟಿದರೆ ಕಪ್ಪಾಗುತ್ತದೆ, ಅದರಿಂದ ಕೆಡುಕಿಲ್ಲ. ತೊಳೆದ ಕೂಡಲೇ ಒರೆಸಿ, ಒಂದು ಹನಿ ತೆಂಗಿನೆಣ್ಣೆ ಸವರಿ, ಮರದ ಒರೆಯೊಳಗೆ ತುರುಕದೆ ಗಾಳಿಯಾಡುವ ಕಡೆ, ಮಕ್ಕಳ ಕೈಗೆ ಎಟುಕದ ಮೊಳೆಗೆ ತೂಗುಹಾಕಿ.